ಬಿಸಿಲು ಏಪ್ರಿಲ್‌ನದು, ನೀರು ಫೆಬ್ರುವರಿಯದು: ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕಯಾಕ್ ಋತುವಿನ ಸಿದ್ಧತೆ

ಏಪ್ರಿಲ್ ಮಧ್ಯದ ಒಳ್ಳೆಯ ದಿನವೊಂದರಲ್ಲಿ ಸ್ಕಾಟ್ಲೆಂಡಿನ ಓಬನ್ ಪಟ್ಟಣದ ದಡದಲ್ಲಿ ಗಾಳಿಯ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಜನ ಜಾಕೆಟ್ ಕಳಚಿ ತೋಳಿಗೆ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಿರುತ್ತಾರೆ. ಅವರೆದುರಿಗಿರುವ ಸಮುದ್ರ ಮಾತ್ರ ಇನ್ನೂ 8 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ನೀರಿನ ಬಾಟಲಿಗಿಂತ ತುಸುವೇ ಬೆಚ್ಚಗೆ.

ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಹಾಗಾಗಿ ಇಲ್ಲಿನ ಕಡಲು ಅತಿ ತಣ್ಣಗಾಗುವುದು ಚಳಿಗಾಲದ ನಡುವಿನಲ್ಲಲ್ಲ, ಫೆಬ್ರುವರಿ ಕೊನೆ ಮತ್ತು ಮಾರ್ಚ್‌ನಲ್ಲಿ. ಅತಿ ಬೆಚ್ಚಗಾಗುವುದು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ. ಆಗಲೂ 13–14 ಡಿಗ್ರಿ ಅಷ್ಟೇ. ಆದರೂ ಕಯಾಕ್ ಎಂಬ, ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿಯವರು ಸೆಪ್ಟೆಂಬರ್‌ವರೆಗೆ ಕಾಯುವುದಿಲ್ಲ. ಏಪ್ರಿಲ್, ಮೇ ತಿಂಗಳು ಈ ಕರಾವಳಿಯಲ್ಲಿ ಮಳೆ ಕಡಿಮೆಯ ಕಾಲ. ಏಪ್ರಿಲ್ ಕೊನೆಗೆ ಹಗಲು ಸುಮಾರು 15 ಗಂಟೆಗೆ ಹಿಗ್ಗಿರುತ್ತದೆ. ಮುಖಕ್ಕೆ ಮುತ್ತುವ ಮಿಜ್ ಎಂಬ ಗುಂಗುರುಗಳ ಕಾಟ ಮೇ ಕೊನೆಯವರೆಗೆ ಇರುವುದಿಲ್ಲ. ಒಮ್ಮೆ ಜುಲೈನಲ್ಲಿ ದಡದ ಮೇಲೆ ಡೇರೆ ಹಾಕಿದವರು ಈ ಕೊನೆಯ ಕಾರಣವೊಂದಕ್ಕೇ ಏಪ್ರಿಲ್ ಆರಿಸಿಕೊಳ್ಳುತ್ತಾರೆ.

ಮಂಗಳೂರು, ಕಾರವಾರದ ಕಡಲು ವರ್ಷದ ಬಹುಪಾಲು 27ರಿಂದ 30 ಡಿಗ್ರಿ ಇರುತ್ತದೆ. ಹೊನ್ನಾವರದ ಹಿನ್ನೀರಿನಲ್ಲಿ ಕಯಾಕ್ ಕಲಿತು, ಕೆಲಸಕ್ಕೆಂದು ಗ್ಲಾಸ್ಗೋಗೋ ಎಡಿನ್‌ಬರಕ್ಕೋ ಬಂದವರು ಮೊದಲು ಮರೆಯಬೇಕಾದ ಅಭ್ಯಾಸ ಒಂದಿದೆ: ಆಕಾಶ ನೋಡಿ ಬಟ್ಟೆ ತೊಡುವುದು. ಇಲ್ಲಿ ಬಟ್ಟೆ ತೊಡುವುದು ನೀರಿಗಾಗಿ, ಅದೂ ಒಳಗೆ ಬಿದ್ದೇ ಬೀಳುತ್ತೇವೆ ಎಂಬ ಲೆಕ್ಕದಲ್ಲಿ. ಬಿಸಿಲಲ್ಲಿ ಬೆವರಿದರೆ ಕೈಯಲ್ಲಿ ಒಂದು ಬೊಗಸೆ ಸಮುದ್ರದ ನೀರು ತೆಗೆದು ತಲೆಗೆ ಹುಯ್ದುಕೊಂಡರಾಯಿತು. ನಡುಗುವುದಕ್ಕೆ ಅಂಥ ಸುಲಭದ ಉಪಾಯವಿಲ್ಲ.

ಬಿದ್ದ ಮೇಲಿನ ಹತ್ತು ನಿಮಿಷ

ತಣ್ಣೀರಿಗೆ ಬಿದ್ದವರು ಚಳಿಯಿಂದ ಮೆಲ್ಲಗೆ ಸಾಯುತ್ತಾರೆ ಎಂಬುದು ಸಾಮಾನ್ಯ ಕಲ್ಪನೆ. ಹಾಗಾಗುವುದು ಕಡಿಮೆ. ಅಪಾಯ ಬರುವುದು ಅದಕ್ಕಿಂತ ಬಹಳ ಮುಂಚೆ.

ಚರ್ಮ ಹಠಾತ್ತನೆ ತಣ್ಣಗಾದಾಗ ಉಸಿರು ತಾನೇ ಒಳಕ್ಕೆ ಎಳೆದುಕೊಳ್ಳುತ್ತದೆ. ತಡೆಯುತ್ತೇನೆಂದರೂ ತಡೆಯಲಾಗದು. ಆ ಕ್ಷಣ ತಲೆ ನೀರಿನೊಳಗಿದ್ದರೆ ಎಳೆದುಕೊಳ್ಳುವುದು ನೀರನ್ನೇ. ಆಮೇಲೆ ಏದುಸಿರು, ಎದೆಬಡಿತ, ರಕ್ತದೊತ್ತಡ ಒಟ್ಟಿಗೇ ಏರುತ್ತವೆ. ಇದು ಮೊದಲ ಅರ್ಧ ನಿಮಿಷದಲ್ಲಿ ತಾರಕಕ್ಕೇರಿ ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ. ನೀರು 15 ಡಿಗ್ರಿಗಿಂತ ಕೆಳಗಿದ್ದರೆ ಇದನ್ನು ನಿರೀಕ್ಷಿಸಲೇಬೇಕು. ಅಂದರೆ ಓಬನ್‌ನಲ್ಲಿ ವರ್ಷವಿಡೀ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಪ್ರಚಾರಕ್ಕೆ ತಂದ ‘1-10-1’ ಸೂತ್ರ ನೆನಪಿಗೆ ಸುಲಭ. ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ಮೈಯ ಒಳಬಿಸಿ ಕುಸಿದು ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ಕಯಾಕ್‌ನವರಿಗೆ ನಡುವಿನ ಅಂಕಿಯೇ ಮುಖ್ಯ. ಬೆರಳು ಮಡಚಿ ಹಗ್ಗ ಹಿಡಿಯಲು, ಜಿಪ್ಪು ಎಳೆಯಲು, ದೋಣಿಗೆ ಹತ್ತಲು ಇರುವ ಬಂಡವಾಳ ಆ ಹತ್ತು ನಿಮಿಷ. ಮುಂದಿನ ಸಿದ್ಧತೆಗಳಲ್ಲಿ ಹೆಚ್ಚಿನವು ಒಂದೋ ಆ ಹತ್ತನ್ನು ಮೂವತ್ತು ನಲವತ್ತು ಮಾಡುವ ಕೆಲಸ, ಇಲ್ಲವೇ ಹತ್ತರೊಳಗೆ ಮುಗಿಯುವಂತೆ ಕೈ ಪಳಗಿಸುವ ಕೆಲಸ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ. ಈಜುಕೊಳದಲ್ಲಿ ಸಲೀಸಾಗಿ ರೋಲ್ ಮಾಡುವವರು, ಅಂದರೆ ಮಗುಚಿದ ದೋಣಿಯನ್ನು ಒಳಗೆ ಕೂತಂತೆಯೇ ಮತ್ತೆ ಎತ್ತುವವರು, ಋತುವಿನ ಮೊದಲ ದಿನ ಸಮುದ್ರದಲ್ಲಿ ತಪ್ಪುತ್ತಾರೆ. ತಣ್ಣೀರು ಕಿವಿಯೊಳಗೆ ನುಗ್ಗಿದಾಗ ಸಮತೋಲದ ಅಂಗ ಗಲಿಬಿಲಿಗೊಂಡು ತಲೆ ಗಿರ್ರೆನ್ನುತ್ತದೆ, ಮೇಲು ಯಾವುದು ಕೆಳಗು ಯಾವುದು ತಿಳಿಯುವುದಿಲ್ಲ. 3 ಮಿ.ಮೀ. ದಪ್ಪದ ನಿಯೋಪ್ರೀನ್ ರಬ್ಬರಿನ ಟೊಪ್ಪಿ ಕಿವಿ ಮುಚ್ಚುವಂತೆ ಹಾಕಿದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಮೇವರೆಗಾದರೂ ಅದು ತಲೆಯ ಮೇಲಿರಲಿ, ಚೀಲದಲ್ಲಲ್ಲ.

ಡ್ರೈಸೂಟ್: ಸೋರುವುದು ಎಲ್ಲಿ

ಇಲ್ಲಿನ ವಸಂತಕ್ಕೆ ಡ್ರೈಸೂಟ್ ಬೇಕು. ವೆಟ್‌ಸೂಟ್ ನೀರನ್ನು ಒಳಗೆ ಬಿಟ್ಟುಕೊಂಡು ಅದನ್ನು ಮೈಬಿಸಿಯಿಂದ ಕಾಯಿಸುತ್ತದೆ. ಈಜುವವರಿಗೆ ಸರಿ, ಆರು ಗಂಟೆ ಗಾಳಿಯಲ್ಲಿ ಕೂರುವವರಿಗೆ ಅಲ್ಲ. ಡ್ರೈಸೂಟ್ ನೀರನ್ನು ಹೊರಗೇ ನಿಲ್ಲಿಸುತ್ತದೆ, ಆದರೆ ತಾನಾಗಿ ಬೆಚ್ಚಗಿಡುವುದಿಲ್ಲ. ಬಿಸಿ ಕೊಡುವುದು ಒಳಗಿನ ಬಟ್ಟೆ. 8 ಡಿಗ್ರಿ ನೀರಿಗೆ ತೆಳು ಮೆರಿನೊ ಉಣ್ಣೆಯ ಒಂದು ಪದರ, ಅದರ ಮೇಲೆ ಇಡೀ ಮೈ ಮುಚ್ಚುವ ಫ್ಲೀಸ್, ಕಾಲಿಗೆ ದಪ್ಪ ಉಣ್ಣೆ ಕಾಲುಚೀಲ. ಹತ್ತಿ ಬನಿಯನ್ ಬೇಡ. ಬೆವರು ಕುಡಿದು ಒದ್ದೆಯಾಗಿ ಬೆನ್ನಿಗೆ ಅಂಟಿದರೆ ಸಂಜೆವರೆಗೆ ಒಣಗುವುದಿಲ್ಲ.

ಚಳಿಗಾಲವಿಡೀ ತೂಗುಹಾಕಿದ್ದ ಸೂಟನ್ನು ಮೊದಲು ಫೆಬ್ರುವರಿಯಲ್ಲೇ ಕೆಳಗಿಳಿಸಿ. ಏಪ್ರಿಲ್ ಮೊದಲ ಶನಿವಾರದ ಹಿಂದಿನ ರಾತ್ರಿ ಅಲ್ಲ. ಕುತ್ತಿಗೆ ಮತ್ತು ಮಣಿಕಟ್ಟಿನ ಪಟ್ಟಿಗಳು, ಅಂದರೆ ಗ್ಯಾಸ್ಕೆಟ್‌ಗಳು, ಸಾಮಾನ್ಯವಾಗಿ ಲ್ಯಾಟೆಕ್ಸ್‌ನವು. ನೈಸರ್ಗಿಕ ರಬ್ಬರಿಗೆ ಬಿಸಿಲು ಆಗದು, ಎಣ್ಣೆ ಆಗದು. ಸನ್‌ಸ್ಕ್ರೀನ್, ಮೈಜಿಡ್ಡು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಎಲ್ಲವೂ ಅದನ್ನು ತಿನ್ನುತ್ತವೆ. ಸಮುದ್ರಕ್ಕೆ ಹೋಗುವ ದಿನ ತಲೆಗೆ ಎಣ್ಣೆ ಬೇಡವೆಂಬುದು ನಮ್ಮವರಿಗೆ ಯಾರೂ ಹೇಳಿಕೊಡದ ಪಾಠ.

ಪರೀಕ್ಷೆ ಹೀಗೆ. ಬೆಳಕಿಗೆ ಎದುರಾಗಿ ಹಿಡಿದು ಮಣಿಕಟ್ಟಿನ ಪಟ್ಟಿಯನ್ನು ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಅಗಲಿಸಿ, ಒಂದು ಬೆರಳಗಲದಷ್ಟು ಜಾಗವನ್ನೇ ನೋಡುತ್ತ ಸುತ್ತ ಬನ್ನಿ. ಒಳ್ಳೆಯ ಲ್ಯಾಟೆಕ್ಸ್ ಒಂದೇ ಬಣ್ಣದ್ದಾಗಿ ನುಣುಪಾಗಿ ಹಿಗ್ಗುತ್ತದೆ. ಹಳತಾದದ್ದರಲ್ಲಿ ಒಣಕೆರೆಯ ತಳದಂಥ ಕೂದಲುಬಿರುಕು ತೆರೆಯುತ್ತದೆ. ಬೆರಳಿಗೆ ಅಂಟಂಟಾದರೆ ರಬ್ಬರ್ ಕರಗತೊಡಗಿದೆ ಎಂದರ್ಥ. ಅಂಚಿನಲ್ಲಿ ಸಣ್ಣ ಕಚ್ಚೊಂದಿದ್ದರೆ ಅದೇ ಸಾಕು. ಪ್ಲಾಸ್ಟಿಕ್ ಚೀಲ ಹರಿದಂತೆ ಒಂದೇ ಎಳೆತಕ್ಕೆ ಪಟ್ಟಿಯ ಬುಡದವರೆಗೆ ಹೋಗುತ್ತದೆ, ಅದೂ ಸಾಮಾನ್ಯವಾಗಿ ದಡದಲ್ಲಿ ಎಲ್ಲರೂ ಹೊರಟು ನಿಂತಾಗ.

ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ತೋಳಿನೊಳಗೆ ಗಟ್ಟಿ ಬಾಟಲಿಯೊಂದನ್ನು ತೂರಿಸಿ ಬಟ್ಟೆ ಬಿಗಿಯಾಗಿ ನಿಲ್ಲುವಂತೆ ಮಾಡಿ. ಹಳೆಯ ಪಟ್ಟಿಯನ್ನು ಕೆರೆದು ತೆಗೆದು, ಜಾಗವನ್ನು ಆಲ್ಕೊಹಾಲಿನಿಂದ ಒರೆಸಿ, ಅಕ್ವಾಸೀಲ್‌ನಂಥ ಯೂರಿಥೇನ್ ಅಂಟನ್ನು ತೆಳ್ಳಗೆ ಹಚ್ಚಿ ಹೊಸ ಪಟ್ಟಿ ಕೂರಿಸಿ, ಮೇಲೆ ಟೇಪ್ ಸುತ್ತಿ ಒಂದು ಇಡೀ ದಿನ ಬಿಡಿ. ಅಂಟು ಹೆಚ್ಚಾದರೆ ಗಟ್ಟಿಯಾಗಿ ಏಣು ಬಂದು ಮಣಿಕಟ್ಟು ಉಜ್ಜುತ್ತದೆ. ಹೊಸ ಪಟ್ಟಿ ಬಿಗಿಯೆನಿಸಿದ ತಕ್ಷಣ ಕತ್ತರಿ ಹಿಡಿಯಬೇಡಿ. ರಾತ್ರಿಯಿಡೀ ಸರಿಯಾದ ಗಾತ್ರದ ಪಾತ್ರೆಗೆ ಎಳೆದು ಕೂರಿಸಿದರೆ ಸ್ವಲ್ಪ ಹಿಗ್ಗುತ್ತದೆ. ಆಮೇಲೂ ಬೆರಳು ಜೋಮು ಹಿಡಿದರೆ, ಕುತ್ತಿಗೆ ಬಿಗಿದು ತಲೆ ಹಗುರಾದಂತೆ ಅನಿಸಿದರೆ, ಅಚ್ಚಾಗಿರುವ ಗೆರೆಯ ಗುಂಟ ಒಂದೇ ಒಂದು ಸುತ್ತು ಕತ್ತರಿಸಿ, ಹಾಕಿ ನೋಡಿ, ಬೇಕಾದರೆ ಇನ್ನೊಂದು.

ಜಿಪ್ಪಿನಲ್ಲಿ ಎರಡು ಜಾತಿ. ಹಿತ್ತಾಳೆ ಹಲ್ಲಿನದಕ್ಕೆ ಹೊರಗಿನಿಂದ ಜೇನುಮೇಣವನ್ನೋ ಮೇಣದಬತ್ತಿಯನ್ನೋ ಉದ್ದಕ್ಕೂ ತಿಕ್ಕಬೇಕು. ಪ್ಲಾಸ್ಟಿಕ್ಕಿನದಕ್ಕೆ ಮೇಣ ಬೇಡ, ಜಿಪ್ಪು ಬಂದು ನಿಲ್ಲುವ ಕೊನೆಯ ತುದಿಗೆ ಮಾತ್ರ ಸ್ವಲ್ಪ ಸಿಲಿಕೋನ್ ಗ್ರೀಸ್. ಎರಡನ್ನೂ ಮಡಚಬಾರದು. ಒಂದು ಹಲ್ಲು ಬಾಗಿದರೆ ಜಿಪ್ಪು ಪೂರ್ತಿ ಬದಲಿಸಬೇಕು, ಅದರ ಖರ್ಚು ಹೊಸ ಗ್ಯಾಸ್ಕೆಟ್‌ಗಳಿಗಿಂತ ಬಹಳ ಹೆಚ್ಚು.

ಸೋರಿಕೆ ಹುಡುಕಲು ಸೂಟನ್ನು ಒಳಹೊರಗು ಮಾಡಿ ಕಾಲಿನ ಭಾಗಕ್ಕೆ ನೀರು ತುಂಬಿಸಿ ತೂಗುಹಾಕಿದರೆ ಹನಿ ಎಲ್ಲಿ ಮೂಡುತ್ತದೆ ನೋಡಬಹುದು. ಹಾಕಿಕೊಂಡೇ ನೋಡುವುದಾದರೆ ಒಳಗೆ ಬೂದುಬಣ್ಣದ ತೆಳು ಬಟ್ಟೆ ತೊಟ್ಟು ಕುತ್ತಿಗೆ ಮಟ್ಟದ ನೀರಿನಲ್ಲಿ ಕಾಲು ಗಂಟೆ ನಿಲ್ಲಿ. ಬೆವರಾದರೆ ತೇವ ಎಲ್ಲ ಕಡೆ ತೆಳ್ಳಗೆ ಹರಡಿರುತ್ತದೆ, ಸೋರಿಕೆಯಾದರೆ ಒಂದು ಕಡೆ ದಟ್ಟ ಕಲೆ. ಹಲವರು ಬೆವರನ್ನೇ ಸೋರಿಕೆಯೆಂದು ತಿಳಿದು ಒಳ್ಳೆಯ ಸೂಟನ್ನು ರಿಪೇರಿಗೆ ಕೊಡುತ್ತಾರೆ. ನೀರಿಗಿಳಿಯುವ ಮುನ್ನ ಕುಕ್ಕರಗಾಲಲ್ಲಿ ಕೂತು ಕುತ್ತಿಗೆ ಪಟ್ಟಿಯನ್ನು ಬೆರಳಿಂದ ಸಡಿಲಿಸಿ ಒಳಗಾಳಿ ಹೊರಹಾಕಬೇಕು. ಇಲ್ಲದಿದ್ದರೆ ಬಿದ್ದಾಗ ಗಾಳಿ ಕಾಲಿಗೆ ಸೇರಿ ಪಾದ ಮೇಲೆ, ತಲೆ ಕೆಳಗೆ. ಇನ್ನು, ಮೂತ್ರಕ್ಕೆಂದು ಇಟ್ಟ ಚಿಕ್ಕ ಜಿಪ್ಪು. ಡ್ರೈಸೂಟಿನೊಳಗೆ ನೀರು ತುಂಬುವುದಕ್ಕೆ ಬಿರುಕು ಬಿಟ್ಟ ರಬ್ಬರಿನಷ್ಟೇ ಕಾರಣ ಇದನ್ನು ಮುಚ್ಚಲು ಮರೆಯುವುದು. ಹೊರಡುವ ಮುನ್ನ ಒಬ್ಬರದನ್ನು ಇನ್ನೊಬ್ಬರು ನೋಡಿ ಹೇಳುವ ಪದ್ಧತಿ ಇಟ್ಟುಕೊಳ್ಳಿ, ನಾಚಿಕೆ ಬೇಡ.

ಲೈಫ್‌ಜಾಕೆಟ್ಟಿನ ಮಾತು ಚಿಕ್ಕದು. ಕಯಾಕ್‌ಗೆ ತೊಡುವುದು 50 ನ್ಯೂಟನ್ ತೇಲಿಸುವ ಬಲದ ಫೋಮ್ ಜಾಕೆಟ್. ಪ್ರಜ್ಞೆ ತಪ್ಪಿದವರನ್ನು ಮುಖ ಮೇಲಾಗಿ ತಿರುಗಿಸುವುದು ಅದರ ಕೆಲಸವಲ್ಲ, ಈಜಬಲ್ಲವರನ್ನು ತೇಲಿಸುವುದಷ್ಟೇ. ಫೋಮ್ ವರ್ಷಗಳಲ್ಲಿ ಕುಗ್ಗುತ್ತದೆ. ಅದಕ್ಕೆ 6 ಕೆ.ಜಿ. ಬೀಡುಕಬ್ಬಿಣದ ತೂಕ ಕಟ್ಟಿ ನೀರಿಗೆ ಬಿಡಿ. ನೀರಿನೊಳಗೆ ಆ ಕಬ್ಬಿಣ ಸುಮಾರು 5.1 ಕೆ.ಜಿ. ತೂಗುತ್ತದೆ, ಅದು 50 ನ್ಯೂಟನ್‌ಗೆ ಸಮ. ಜಾಕೆಟ್ ತೇಲಿದರೆ ಸರಿ, ಮುಳುಗಿದರೆ ಕೈತೋಟದ ಕೆಲಸಕ್ಕೆ ಇಟ್ಟುಕೊಳ್ಳಿ.

ದೋಣಿ

ಕಡಲ ಕಯಾಕ್ ಸುಮಾರು 5 ಮೀಟರ್ ಉದ್ದ, 55 ಸೆಂ.ಮೀ. ಅಗಲ. ಒಳಗೆ ಅಡ್ಡಗೋಡೆಗಳಿದ್ದು ಮುಂದೆ ಹಿಂದೆ ಗಾಳಿ ತುಂಬಿದ ಕೋಣೆಗಳಾಗುತ್ತವೆ. ಮಗುಚಿದಾಗ ದೋಣಿ ಮುಳುಗದಿರುವುದು ಇವುಗಳಿಂದ. ದೋಣಿಯನ್ನು ಎರಡು ಆನಿಕೆಯ ಮೇಲಿಟ್ಟು ಮುಂದಿನ ಕೋಣೆಗೆ ಒಂದು ಬಕೆಟ್ ನೀರು ಹುಯ್ದು, ನೀರು ಅಡ್ಡಗೋಡೆಗೆ ಒರಗುವಂತೆ ಓರೆ ಮಾಡಿ, ಕೂರುವ ಜಾಗದ ಕಡೆಯಿಂದ ಟಾರ್ಚ್ ಬಿಟ್ಟು ನೋಡಿ. ಅಂಚಿನಲ್ಲಿ ಒಸರಿದರೆ ಮರೀನ್ ಸೀಲಂಟ್ ಹಚ್ಚಬೇಕು. ಗೋಡೆಯ ಮೇಲ್ಭಾಗದಲ್ಲಿ ಸೂಜಿ ತೂರುವಷ್ಟು ತೂತೊಂದು ಕಂಡರೆ ಅದನ್ನು ಮುಚ್ಚಬೇಡಿ! ಅದು ಬೇಕೆಂದೇ ಕೊರೆದದ್ದು. ಕಾರಿನ ಮೇಲೆ ಬಿಸಿಲಿಗೆ 35 ಡಿಗ್ರಿಗೆ ಕಾದ ಕೋಣೆಯನ್ನು 8 ಡಿಗ್ರಿ ನೀರಿಗಿಟ್ಟರೆ ಒಳಗಿನ ಗಾಳಿ ಶೇ. 9ರಷ್ಟು ಕುಗ್ಗುತ್ತದೆ. ತೂತಿದ್ದರೆ ಗಾಳಿ ಅಲ್ಲಿಂದ ಬಂದು ಸರಿಹೋಗುತ್ತದೆ. ಇಲ್ಲದಿದ್ದರೆ ರಬ್ಬರ್ ಮುಚ್ಚಳ ಒಳಕ್ಕೆ ಜಗ್ಗಿ, ಅಂಚಿನಲ್ಲಿ ನಿಂತ ನೀರನ್ನೇ ಹೀರುತ್ತದೆ. ‘ಮುಚ್ಚಳ ಹೊಸದು, ಆದರೂ ಒಳಗೆ ನೀರು’ ಎಂಬ ದೂರಿಗೆ ಅನೇಕ ಸಲ ಕಾರಣ ಇದೇ.

ತಳದ ಗೀರುಗಳೆಲ್ಲ ಗಾಯವಲ್ಲ. ಫೈಬರ್‌ಗ್ಲಾಸ್ ದೋಣಿಯ ಮೇಲ್ಪದರವಾದ ಜೆಲ್‌ಕೋಟ್‌ನಲ್ಲಿ ಜೇಡರಬಲೆಯಂಥ ಬಿರುಕಿದ್ದರೆ, ಹೆಬ್ಬೆರಳಿಂದ ಒತ್ತಿದಾಗ ಅಲ್ಲಿ ಮೆತ್ತಗೆ ಬಗ್ಗದಿದ್ದರೆ, ಬಿಟ್ಟುಬಿಡಬಹುದು. ಬಗ್ಗಿದರೆ ಒಳಗಿನಿಂದ ಗ್ಲಾಸ್ ಬಟ್ಟೆಯ ತೇಪೆ ಬೇಕು. ಜೆಲ್‌ಕೋಟ್ ತುಂಬುವಾಗ ಮೂರು ಕಡೆ ಎಡವುತ್ತಾರೆ. ಒಂದು, ಗಟ್ಟಿಗೊಳಿಸುವ ದ್ರವ ಶೇ. 1ರಿಂದ 2ರಷ್ಟೇ ಬೇಕು, ಅವಸರಕ್ಕೆ ಹೆಚ್ಚು ಹಾಕಿದರೆ ಸುಟ್ಟು ಬಿರಿಯುತ್ತದೆ. ಎರಡು, ಶೆಡ್ಡು 15 ಡಿಗ್ರಿಗಿಂತ ತಣ್ಣಗಿದ್ದರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಸ್ಕಾಟ್ಲೆಂಡಿನ ಮಾರ್ಚ್‌ನಲ್ಲಿ ಹೀಟರ್ ಇಲ್ಲದೆ ಆಗದ ಕೆಲಸ. ಮೂರು, ಗಾಳಿ ತಗುಲಿದ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ, ಮೇಲೆ ಪಾರದರ್ಶಕ ಹಾಳೆ ಹೊದಿಸಬೇಕು. ಎಪಾಕ್ಸಿ ತೇಪೆಯ ಮೇಲೆ ಈ ಜೆಲ್‌ಕೋಟ್ ಸರಿಯಾಗಿ ಕೂರುವುದಿಲ್ಲ ಎಂಬುದೂ ನೆನಪಿರಲಿ.

ಹಿಂಭಾಗದ ತಳದಲ್ಲಿ ಇಳಿಬಿಡುವ ಸ್ಕೆಗ್ ಎಂಬ ರೆಕ್ಕೆ ದೋಣಿ ಗಾಳಿಗೆ ತಿರುಗದಂತೆ ಹಿಡಿಯುತ್ತದೆ. ಬೆಣಚುಕಲ್ಲಿನ ದಡದಿಂದ ನೀರಿಗೆ ತಳ್ಳುವಾಗ ಕಡಲೆಕಾಳಿನಷ್ಟು ಕಲ್ಲೊಂದು ಅದರ ಸಂದಿಗೆ ಸಿಕ್ಕಿದರೆ ಮುಗಿಯಿತು. ಸ್ಕೆಗ್ ಇಳಿಸುವ ಗುಂಡಿಯನ್ನು ಬಲವಾಗಿ ತಳ್ಳಿದರೆ ಅದರ ಕೇಬಲ್ ಮಡಚಿ ನಿರಿಗೆ ಬೀಳುತ್ತದೆ. ಅಂಥ ಕೇಬಲ್ ನೆಟ್ಟಗಾಗುವುದಿಲ್ಲ, ಬದಲಿಸಲೇಬೇಕು. ಮುನ್ನೆಚ್ಚರಿಕೆಗೆ ಸ್ಕೆಗ್‌ನ ತುದಿಯಲ್ಲಿ ಪುಟ್ಟ ತೂತು ಕೊರೆದು ಎರಡು ಬೆರಳುದ್ದದ ದಾರ ಕಟ್ಟಿಡಿ. ಸಿಕ್ಕಿಕೊಂಡಾಗ ಜೊತೆಯವರು ನೀರಿನಲ್ಲೇ ಎಳೆದು ಬಿಡಿಸಬಹುದು. ಚುಕ್ಕಾಣಿ ಇರುವ ದೋಣಿಯಾದರೆ ಅದರ ಉಕ್ಕಿನ ತಂತಿಯ ಮೇಲೆ ಕಾಗದದ ಕರವಸ್ತ್ರ ಎಳೆಯಿರಿ. ಎಲ್ಲಿ ಎಳೆ ಸಿಕ್ಕುತ್ತದೋ ಅಲ್ಲಿ ತಂತಿ ಬಿಚ್ಚತೊಡಗಿದೆ.

ಡೆಕ್ಕಿನ, ಅಂದರೆ ದೋಣಿಯ ಮೇಲ್ಭಾಗದ, ಸುತ್ತ ಓಡುವ ಹಗ್ಗ ಬಿಸಿಲಿಗೆ ಪೌಡರಿನಂತಾಗಿದ್ದರೆ ಬದಲಿಸಿ, ತಣ್ಣಗಾದ ಕೈ ಹಿಡಿಯುವುದು ಅದನ್ನೇ. ಎರಡು ತುಂಡಿನ ಹುಟ್ಟನ್ನು ಜೋಡಿಸಿಟ್ಟು ಚಳಿಗಾಲ ಕಳೆದಿದ್ದರೆ ಉಪ್ಪು, ಮರಳು ಸೇರಿ ಕೀಲು ಹಿಡಿದುಕೊಂಡಿರುತ್ತದೆ. ಸಿಹಿನೀರಲ್ಲಿ ತೊಳೆದು ಬಿಡಿಬಿಡಿಯಾಗಿ ಇಡಬೇಕು, ಎಣ್ಣೆ ಹಚ್ಚಬಾರದು. ಡೆಕ್ಕಿನ ಮೇಲೆ ಇನ್ನೊಂದು ಬಿಡಿ ಹುಟ್ಟು ಇರಲೇಬೇಕು. ದೋಣಿಯೊಳಗೆ ಛಾವಣಿ ಸೋರಿಕೆಗೆ ಹಚ್ಚುವ ಡಾಂಬರು ಟೇಪಿನ ಸುರುಳಿ ಇದ್ದರೆ ಬಂಡೆಗೆ ಬಡಿದ ತೂತನ್ನು ಆ ದಿನದ ಮಟ್ಟಿಗೆ ಮುಚ್ಚಬಹುದು, ಜಾಗ ಪೂರ್ತಿ ಒಣಗಿದ್ದರೆ ಮಾತ್ರ.

ಉಬ್ಬರದ ಲೆಕ್ಕ

ಸಲಕರಣೆಯೆಲ್ಲ ಸರಿಯಿದ್ದವರೂ ಸಿಕ್ಕಿಬೀಳುವುದು ಇಲ್ಲಿ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಒಂದರಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಏರಿಳಿತ ದೊಡ್ಡದು, ಅಷ್ಟಮಿಯ ಆಸುಪಾಸು ಚಿಕ್ಕದು. ನಮ್ಮ ಕರಾವಳಿಯ ಮೀನುಗಾರರಿಗೆ ಇದನ್ನು ಯಾರೂ ಹೇಳಬೇಕಿಲ್ಲ. ಓಬನ್‌ನಲ್ಲಿ ದೊಡ್ಡ ಏರಿಳಿತ ಸುಮಾರು 3.3 ಮೀಟರ್, ಚಿಕ್ಕದು 1.1 ಮೀಟರ್.

ಏರಿಕೆ ಒಂದೇ ಸಮನಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗಂಟೆಗೆ 1, 2, 3, 3, 2, 1 ಪಾಲು. ದೊಡ್ಡ ಉಬ್ಬರದ ದಿನ ನಡುವಿನ ಎರಡು ಗಂಟೆಗಳಲ್ಲಿ ಗಂಟೆಗೆ 80 ಸೆಂ.ಮೀ.ಗೂ ಹೆಚ್ಚು. ಊಟಕ್ಕೆಂದು ದಡಕ್ಕೆಳೆದ ದೋಣಿ ಚಹಾ ಕುಡಿದು ತಿರುಗುವಷ್ಟರಲ್ಲಿ ತೇಲಿಹೋಗುವುದು ಈ ಹೊತ್ತಿನಲ್ಲೇ.

ಇನ್ನು ಹರಿವು. ದ್ವೀಪಗಳ ನಡುವಿನ ಇಕ್ಕಟ್ಟಿನಲ್ಲಿ ಈ ನೀರೆಲ್ಲ ನದಿಯಂತೆ ಓಡುತ್ತದೆ. ಸೇಲ್ ಮತ್ತು ಲುಯಿಂಗ್ ದ್ವೀಪಗಳ ನಡುವಿನ ಕುವನ್ ಸೌಂಡ್ ಎಂಬ ಜಲಸಂಧಿಯಲ್ಲಿ ದೊಡ್ಡ ಉಬ್ಬರದ ದಿನ 6–7 ನಾಟ್, ಜ್ಯೂರಾ ಮತ್ತು ಸ್ಕಾರ್ಬಾ ನಡುವಿನ ಕೊರಿವ್ರೆಕನ್‌ನಲ್ಲಿ 8ಕ್ಕೂ ಹೆಚ್ಚು. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ಸಾಮಾನ್ಯ ಕಯಾಕ್ ನಡಿಗೆ 3 ನಾಟ್. ಹರಿವು ನಿಂತ ಗಳಿಗೆಯಿಂದ ಒಂದು ಗಂಟೆಯಲ್ಲಿ ಅದರ ಪೂರ್ಣ ವೇಗದ ಅರ್ಧ, ಎರಡು ಗಂಟೆಗೆ ಹೆಚ್ಚುಕಡಿಮೆ ಶೇ. 90, ಮೂರಕ್ಕೆ ಪೂರ್ತಿ. 7 ನಾಟ್‌ನ ಜಾಗದಲ್ಲಿ ಒಂದು ಗಂಟೆ ತಡವಾದರೆ ಎದುರಿಗೆ 3.5 ನಾಟ್. ಎಷ್ಟು ಹುಟ್ಟು ಹಾಕಿದರೂ ದಡದ ಬಂಡೆ ಹಿಂದಕ್ಕಲ್ಲ, ಮುಂದಕ್ಕೆ ಸರಿಯುತ್ತದೆ. ಕೈಲಿರುವ ಅವಧಿ ನಿಂತ ನೀರಿನ ಆಚೀಚೆ ಅರ್ಧರ್ಧ ಗಂಟೆ.

ಆ ‘ನಿಂತ ನೀರು’ ಯಾವಾಗ? ಉಬ್ಬರ ತುಂಬಿದಾಗ ಎಂದುಕೊಳ್ಳುವುದು ಸಹಜ, ಆದರೆ ತಪ್ಪು. ಲುಯಿಂಗ್ ಸೌಂಡ್, ಕೊರಿವ್ರೆಕನ್ ಕಡೆ ಹರಿವು ದಿಕ್ಕು ಬದಲಿಸುವುದು ಓಬನ್‌ನ ಉಬ್ಬರಕ್ಕೆ ಸುಮಾರು ಎರಡು ಗಂಟೆ ಮೊದಲೇ. ಪ್ರತಿ ಇಕ್ಕಟ್ಟಿಗೂ ಈ ಅಂತರ ಬೇರೆ, ಹರಿವಿನ ನಕ್ಷೆಗಳಲ್ಲಿ ಓಬನ್‌ಗೋ ಡೋವರ್‌ಗೋ ಹೋಲಿಸಿ ಕೊಟ್ಟಿರುತ್ತಾರೆ. ಡೋವರ್‌ನ ಅಂಕಿಯನ್ನು ಓಬನ್‌ಗೆ ಕೂಡಿದರೆ ಲೆಕ್ಕ ತಲೆಕೆಳಗು.

ಋತುವಿನ ಆರಂಭಕ್ಕೇ ಮೀಸಲಾದ ತಪ್ಪು ಇನ್ನೊಂದು. ಅಚ್ಚಾದ ಉಬ್ಬರ ಕೋಷ್ಟಕಗಳು ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲಿರುತ್ತವೆ. ಮಾರ್ಚ್ ಕೊನೆಯ ಭಾನುವಾರ ಬ್ರಿಟನ್ನಿನ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಕೋಷ್ಟಕಕ್ಕೆ ಒಂದು ಗಂಟೆ ಕೂಡಬೇಕು. ಫೋನಿನ ಆ್ಯಪ್ ತಾನೇ ಕೂಡಿರುತ್ತದೆ, ಅದಕ್ಕೆ ಮತ್ತೊಮ್ಮೆ ಕೂಡಿದರೂ ತಪ್ಪು. ಲೆಕ್ಕ ಬರೆಯುವ ಹಾಳೆಯ ತಲೆಯಲ್ಲೇ ‘ಬೇಸಿಗೆ ಸಮಯ, ಕೂಡಿದೆ’ ಎಂದು ಬರೆದಿಡಿ. 1947ರ ಆಗಸ್ಟ್‌ನಲ್ಲಿ ಜ್ಯೂರಾದಲ್ಲಿ ವಾಸವಿದ್ದ ಕಾದಂಬರಿಕಾರ ಜಾರ್ಜ್ ಆರ್ವೆಲ್ ಉಬ್ಬರದ ಲೆಕ್ಕ ತಪ್ಪಿ ಪುಟ್ಟ ದೋಣಿಯಲ್ಲಿ ಕೊರಿವ್ರೆಕನ್ ಅಂಚಿಗೆ ಸಿಕ್ಕಿದರು. ಎಂಜಿನ್ ಕಳಚಿ ನೀರುಪಾಲಾಯಿತು, ದೋಣಿ ಮಗುಚಿತು, ಮೂರು ವರ್ಷದ ಸಾಕುಮಗನೊಂದಿಗೆ ಬಂಡೆದ್ವೀಪವೊಂದನ್ನು ಹತ್ತಿ ಕೂತು, ಹಾದುಹೋಗುತ್ತಿದ್ದ ದೋಣಿಯವರ ಕಣ್ಣಿಗೆ ಬಿದ್ದು ಉಳಿದರು. ಅದು ಆಗಸ್ಟ್, ನೀರು ವರ್ಷದಲ್ಲೇ ಬೆಚ್ಚಗಿರುವ ಕಾಲ.

ಸೇಲ್ ದ್ವೀಪವನ್ನು ಒಂದು ಸುತ್ತು ಹಾಕುವುದು ಮೊದಲ ದೊಡ್ಡ ದಿನಕ್ಕೆ ಹಲವರು ಆರಿಸುವ ದಾರಿ. ದಕ್ಷಿಣದಲ್ಲಿ ಕುವನ್‌ಗೆ ನಿಂತ ನೀರು ಬೇಕು. ಪೂರ್ವದಲ್ಲಿ, ಹದಿನೆಂಟನೇ ಶತಮಾನದ ಕಲ್ಲುಸೇತುವೆಯ ಕೆಳಗಿನ ಕ್ಲಾಕನ್ ಸೌಂಡ್ ಇಳಿತದಲ್ಲಿ ಬತ್ತುತ್ತದೆ, ಅದಕ್ಕೆ ಉಬ್ಬರ ಬೇಕು. ಎರಡೂ ಒಂದೇ ಹೊತ್ತಿಗೆ ಬರುವುದಿಲ್ಲ. ಯಾವ ಕಡೆಯಿಂದ ಹೊರಡಬೇಕೆಂಬುದನ್ನು ಆ ಅಂತರವೇ ತೀರ್ಮಾನಿಸುತ್ತದೆ. ಒಂದೇ ಬಂದರಿನಲ್ಲಿ ದೊಡ್ಡ ಉಬ್ಬರ ಯಾವಾಗಲೂ ಹೆಚ್ಚುಕಡಿಮೆ ಒಂದೇ ಗಡಿಯಾರದ ಹೊತ್ತಿಗೆ ಬರುತ್ತದೆ ಎಂಬುದು ಇಲ್ಲಿ ಉಪಯೋಗಕ್ಕೆ ಬರುವ ಸಂಗತಿ. ಓಬನ್‌ನಲ್ಲಿ ಅದು ಬೆಳಗ್ಗೆ, ಸಂಜೆ ಆರು ಏಳರ ಸುಮಾರಿಗೆ. ಹಾಗಾಗಿ ಹುಣ್ಣಿಮೆಯ ವಾರಾಂತ್ಯ ನಡುಹಗಲಿಗೆ ಕ್ಲಾಕನ್ ಕೆಸರು, ಕುವನ್ ರಭಸ. ಅಷ್ಟಮಿಯ ವಾರಾಂತ್ಯ ಹರಿವು ಅರ್ಧದಷ್ಟು, ಉಬ್ಬರ ಮಧ್ಯಾಹ್ನದ ಹೊತ್ತಿಗೆ. ಆದರೆ ಎತ್ತರವೂ ಕಡಿಮೆ, ಆ ದಿನದ ಅಂಕಿ ನೋಡಿಯೇ ಹೊರಡಬೇಕು.

ಗಾಳಿಯನ್ನು ಹರಿವಿನ ಜೊತೆಯಲ್ಲೇ ಓದಬೇಕು. ಎರಡೂ ಒಂದೇ ದಿಕ್ಕಿಗಿದ್ದರೆ ನೀರು ಸಪಾಟು, ಎದುರುಬದುರಾದರೆ ಅದೇ ಜಾಗದಲ್ಲಿ ಕಡಿದಾದ ಅಲೆ. ಬ್ರಿಟನ್ನಿನ ಹವಾಮಾನ ಇಲಾಖೆ ಕರಾವಳಿ ನೀರಿಗೆಂದೇ ಮುನ್ಸೂಚನೆ ಕೊಡುತ್ತದೆ. ಓಬನ್ ಬರುವುದು ‘ಮಲ್ ಆಫ್ ಕಿಂಟೈರ್‌ನಿಂದ ಆರ್ಡ್ನಮರ್ಕನ್ ಪಾಯಿಂಟ್’ ವಿಭಾಗದಲ್ಲಿ. ಆರಂಭದ ದಿನಗಳಿಗೆ ಬೋಫರ್ಟ್ ಮಾಪನದ 3, ಅಂದರೆ 7ರಿಂದ 10 ನಾಟ್ ಗಾಳಿ ಸಾಕು. 4ಕ್ಕೆ ಎದುರಾಗಿ ಹುಟ್ಟು ಹಾಕಿದರೆ ಮೂರು ನಾಟ್‌ನ ನಡಿಗೆ ಒಂದೂವರೆಗೆ ಇಳಿದರೆ ಅಚ್ಚರಿಯಿಲ್ಲ. ವಸಂತದಲ್ಲಿ ಇಲ್ಲಿ ಉಳಿದ ಕಾಲಕ್ಕಿಂತ ಮೂಡಣ ಗಾಳಿ ಹೆಚ್ಚು. ಬಿಸಿಲು, ಒಣಹವೆ, ಬೆಟ್ಟದ ಮರೆಯಲ್ಲಿ ಕನ್ನಡಿಯಂಥ ನೀರು. ದಡದಿಂದ ಅರ್ಧ ಕಿ.ಮೀ. ದೂರ ಸರಿದ ಮೇಲೆ ಬೆನ್ನಿಗೆ ಬೀಸಿ ಅಟ್ಲಾಂಟಿಕ್ ಕಡೆ ತಳ್ಳುತ್ತದೆ. ಹಿಂದಿರುಗುವ ದಾರಿಯಷ್ಟೂ ಎದುರುಗಾಳಿ. ಹೋಗುವಾಗ ತೀರಾ ಸಲೀಸೆನಿಸಿದರೆ ತಿರುಗಿ ನೋಡಬೇಕು.

ಕರೆಯುವ ಸಾಧನ

ರೇಡಿಯೋ, ಅಪಾಯದ ಸಂಕೇತ ಕಳಿಸುವ ಬೀಕನ್, ಫೋನ್ ಇರಬೇಕಾದ್ದು ಮೈಮೇಲೆ. ಮಗುಚಿದಾಗ ದೋಣಿ ಗಾಳಿಗೆ ಓಡುತ್ತದೆ, ಈಜಿ ಹಿಡಿಯಲಾಗದು. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಕಡಲ ರೇಡಿಯೋದ ವ್ಯಾಪ್ತಿಯನ್ನು ಶಕ್ತಿಗಿಂತ ಎತ್ತರ ನಿರ್ಧರಿಸುತ್ತದೆ. ಮೀಟರ್‌ನಲ್ಲಿರುವ ಎತ್ತರದ ವರ್ಗಮೂಲ ತೆಗೆದು 2.25ರಿಂದ ಗುಣಿಸಿ, ಎರಡೂ ತುದಿಯದನ್ನು ಕೂಡಿದರೆ ದೂರ ನಾಟಿಕಲ್ ಮೈಲಿಯಲ್ಲಿ ಸಿಗುತ್ತದೆ. ಒಂದು ಮೀಟರ್ ಎತ್ತರದ ಎರಡು ಕಯಾಕ್‌ಗಳ ನಡುವೆ ಹೆಚ್ಚೆಂದರೆ 4.5. ಬೆಟ್ಟದ ಮೇಲೆ 400 ಮೀಟರ್ ಎತ್ತರದ ಕೋಸ್ಟ್‌ಗಾರ್ಡ್ ಕಂಬದ ಜೊತೆ ಲೆಕ್ಕದ ಪ್ರಕಾರ 47. ನಡುವೆ ಬೆಟ್ಟ ಅಡ್ಡ ಬಂದರೆ ಸೊನ್ನೆ. ಬಂಡೆಗೋಡೆಯ ಅಡಿಯಿಂದ ಕರೆ ಹೋಗದಿದ್ದರೆ ಸ್ವಲ್ಪ ಹೊರಗೆ ಬಂದು ಮತ್ತೆ ಕರೆಯಬೇಕು, ಚಾನೆಲ್ 16ರಲ್ಲಿ. ಫೋನಿನಲ್ಲಾದರೆ 999, ಕೇಳಬೇಕಾದ್ದು ಕೋಸ್ಟ್‌ಗಾರ್ಡ್. ಒದ್ದೆ ಬೆರಳಿಗೆ ಟಚ್‌ಸ್ಕ್ರೀನ್ ಸ್ಪಂದಿಸದೆಂಬುದನ್ನು ಮನೆಯಲ್ಲೇ, ನಲ್ಲಿಯ ಕೆಳಗೆ ಪರೀಕ್ಷಿಸಿ. 406 ಮೆಗಾಹರ್ಟ್ಸ್‌ನ ಬೀಕನ್ ಇದ್ದರೆ ಅದರ ಬ್ಯಾಟರಿಯ ದಿನಾಂಕ, ನೋಂದಣಿಯಲ್ಲಿರುವ ಫೋನ್ ನಂಬರ್ ಎರಡನ್ನೂ ನೋಡಿ. ಮನೆ ಬದಲಿಸಿದವರು ಎರಡನೆಯದನ್ನು ಮರೆಯುತ್ತಾರೆ. ದಡದಲ್ಲಿರುವ ಒಬ್ಬರಿಗೆ ಹೊರಟ ಜಾಗ, ದಾರಿ, ದೋಣಿಗಳ ಬಣ್ಣ, ಮರಳುವ ಹೊತ್ತು, ಎಷ್ಟು ಹೊತ್ತು ಮೀರಿದರೆ ಕೋಸ್ಟ್‌ಗಾರ್ಡ್‌ಗೆ ಹೇಳಬೇಕು ಎಂಬುದನ್ನು ಬರೆದು ಕೊಡಿ.

ಬೇಕೆಂದೇ ಬೀಳುವ ದಿನ

ಪ್ರವಾಸಕ್ಕೆ ಮುನ್ನ ಒಂದು ದಿನ ಪೂರ್ತಿ ಬೀಳುವುದಕ್ಕೇ ಇಡಿ. ದಡದ ಕಡೆಗೆ ಮೆಲ್ಲಗೆ ಗಾಳಿ ಬೀಸುವ ಕೊಲ್ಲಿ ಆರಿಸಿ, ಎಡವಟ್ಟಾದರೂ ಎಲ್ಲವೂ ದಡಕ್ಕೇ ಬಂದು ಸೇರುತ್ತದೆ. ಕಾರಿನಲ್ಲಿ ಒಣಬಟ್ಟೆ, ಥರ್ಮಾಸಿನಲ್ಲಿ ಬಿಸಿಯದೇನಾದರೂ ಇರಲಿ. ಮೊದಲು ಸೊಂಟದ ನೀರಲ್ಲಿ ನಿಂತು ಮುಖ ಅದ್ದಿ, ಉಸಿರು ಹತೋಟಿಗೆ ಬರುವವರೆಗೆ ಮತ್ತೆ ಮತ್ತೆ. ಆಮೇಲೆ ಜೋಡಿಯಲ್ಲಿ ರಕ್ಷಣೆ. ಬಿದ್ದವರು ತಮ್ಮ ದೋಣಿ ಬಿಡಬಾರದು. ಜೊತೆಯವರು ಬಂದು ಅದರ ಮೂತಿಯನ್ನು ತಮ್ಮ ಡೆಕ್ಕಿನ ಮೇಲೆಳೆದು ನೀರು ಬಸಿದು, ನೆಟ್ಟಗೆ ಮಗುಚಿ, ಎರಡು ದೋಣಿ ಅಕ್ಕಪಕ್ಕ ಒತ್ತಿ ಹಿಡಿಯುತ್ತಾರೆ. ಬಿದ್ದವರು ಹಿಂದಿನಿಂದ ಹೊಟ್ಟೆಯ ಮೇಲೆ ಜಾರುತ್ತ ಹತ್ತಿ ಕಾಲು ಒಳಗಿಳಿಸುತ್ತಾರೆ. ಗುರಿ ಎರಡು ನಿಮಿಷ. ಮೊದಲ ಸಲ ಐದಾಗುತ್ತದೆ, ಸಾಮಾನ್ಯವಾಗಿ ಮಾತು ಹೆಚ್ಚಾಗಿ. ಕೂರುವ ಜಾಗದ ಬಾಯನ್ನು ಸೊಂಟದ ಸುತ್ತ ಮುಚ್ಚುವ ಹೊದಿಕೆಯಾದ ಸ್ಪ್ರೇಡೆಕ್‌ನ ಎಳೆಯುವ ಕುಣಿಕೆ ಹೊರಗಿದೆಯೇ ಎಂದು ಪ್ರತಿ ಸಲವೂ ಕೈಯಿಂದ ಮುಟ್ಟಿ ನೋಡಿ. ಅದು ಒಳಗೆ ಸಿಕ್ಕಿದ್ದರೆ ಮಗುಚಿದಾಗ ಹೊರಬರುವ ದಾರಿಯೇ ಮುಚ್ಚಿದಂತೆ.

ಕೊನೆಗೆ ಕೈಗವಸು ಹಾಕಿಕೊಂಡೇ ಎರಡೂ ಕೈಯನ್ನು ಐದು ನಿಮಿಷ ನೀರಲ್ಲಿಟ್ಟು, ಜಾಕೆಟ್ಟಿನ ಜೇಬು ತೆರೆದು ರೇಡಿಯೋ ತೆಗೆಯಿರಿ, ಹಿಂದಿನ ಕೋಣೆಯ ಮುಚ್ಚಳ ಬಿಚ್ಚಿ, ಬಿಡಿ ಹುಟ್ಟು ಜೋಡಿಸಿ, ಸೊಂಟದ ಎಳೆಹಗ್ಗದ ಬಕಲ್ ಕಳಚಿ, ಥರ್ಮಾಸಿನ ಮುಚ್ಚಳ ತಿರುಗಿಸಿ. ಯಾವ ಜಿಪ್ಪು ಬೆರಳಿಗೆ ಸಿಗಲಿಲ್ಲವೋ ಅದಕ್ಕೆ ಒಂದು ಚೋಟು ಹಗ್ಗ ಕಟ್ಟಿ, ಹಗ್ಗದ ತುದಿಗೆ ಹಲ್ಲಲ್ಲಿ ಕಚ್ಚಿ ಎಳೆಯುವಷ್ಟು ದಪ್ಪದ ಗಂಟು ಹಾಕಿ.